ಟೆನಿಸ್ ಲೀಗ್‌ಗೆ ಹೆಸರು ಕೊಡುವ ಮೊದಲು ನಿಮ್ಮ ಮಟ್ಟವನ್ನು ನೀವೇ ಅಳೆಯುವುದು ಹೇಗೆ?

ಲೀಗ್‌ನ ಅರ್ಜಿಯಲ್ಲಿ "ನಿಮ್ಮ ಆಟದ ಮಟ್ಟ" ಅಂತ ಒಂದು ಪುಟ್ಟ ಜಾಗ ಇರುತ್ತದೆ. ಅಲ್ಲಿ ಒಂದು ಅಂಕಿ ಬರೆಯಬೇಕು, ಅಷ್ಟೇ. ಹೆಚ್ಚಿನವರು ಅರ್ಧ ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಆಮೇಲೆ ಇಡೀ ಸೀಸನ್ ಆ ಅಂಕಿಯ ಫಲ ಉಣ್ಣುತ್ತಾರೆ.

ಕೆಲವರು ಒಂದು ಮೆಟ್ಟಿಲು ಮೇಲೆ ಬರೆಯುತ್ತಾರೆ. ವಾರ ವಾರ 6-1, 6-0 ಸೋತು, ಡಬಲ್ಸ್ ಜೊತೆಗಾರರಿಗೂ ಬೇಸರವಾಗಿ, ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಕೆಲವರು ಒಂದು ಮೆಟ್ಟಿಲು ಕೆಳಗೆ ಬರೆಯುತ್ತಾರೆ. ಆಗ ಬಿಟ್ಟು ಹೋಗುವವರು ಎದುರಾಳಿಗಳು. ಈಗಷ್ಟೇ ಲೀಗ್ ಆಡಲು ಧೈರ್ಯ ಮಾಡಿದ ಹೊಸಬರೊಬ್ಬರು ಮೊದಲ ಎರಡು ಮ್ಯಾಚ್‌ನಲ್ಲೇ ನೆಲ ಕಚ್ಚಿದರೆ ಮತ್ತೆ ಬರುವುದು ಕಷ್ಟ ಅಲ್ವಾ?

ಎರಡೂ ತಪ್ಪಿಗೆ ಕಾರಣ ಒಂದೇ. ಜನ ನೆನಪಿನಿಂದ ಬರೆಯುತ್ತಾರೆ. ಲೈನ್ ಮೇಲೆ ಬಿದ್ದ ಆ ಒಂದು ಫೋರ್‌ಹ್ಯಾಂಡ್ ನೆನಪಲ್ಲಿ ಉಳಿಯುತ್ತದೆ, ನೆಟ್‌ಗೆ ಹೋದ ಹದಿನೈದು ಮರೆತು ಹೋಗುತ್ತವೆ. ಇನ್ನು ಕೆಲವರಿಗೆ ಸೋತ ಪಾಯಿಂಟ್‌ಗಳು ಮಾತ್ರ ನೆನಪಿರುತ್ತವೆ. ಅದಕ್ಕೇ ಇಲ್ಲಿ ನೆನಪನ್ನು ಪಕ್ಕಕ್ಕಿಟ್ಟು ಎಣಿಸುತ್ತೇವೆ. ಎಲ್ಲ ಮುಗಿಸಲು ಎರಡು ಮೂರು ವಾರ ಬೇಕು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದೆ ಮುಂದೆ ಮಾಡಿದರೆ ಲೆಕ್ಕ ಕೆಡುತ್ತದೆ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್, ಪೆನ್ನು. ವಿಡಿಯೊ ತೆಗೆಯಲು ಫೋನ್, ಅದನ್ನು ಎತ್ತರದಲ್ಲಿ ನಿಲ್ಲಿಸಲು ಒಂದು ಸ್ಟ್ಯಾಂಡ್. ಗುರುತು ಹಾಕಲು ಸೀಮೆಸುಣ್ಣ ಅಥವಾ ನಾಲ್ಕು ಕೋನ್. ಪಕ್ಕದಲ್ಲಿ ಕೂತು ಗೀಟು ಹಾಕಿ ಎಣಿಸುವ ಒಬ್ಬ ಗೆಳೆಯ ಸಿಕ್ಕರೆ ಕೆಲಸ ಅರ್ಧ ಹಗುರ.

ಬಾಲ್ ಮಾತ್ರ ಹೊಸದೇ ಇರಲಿ. ಒಳಗಿನ ಒತ್ತಡ ಇಳಿದ ಹಳೇ ಬಾಲ್ ಕಡಿಮೆ ಪುಟಿಯುತ್ತದೆ, ಹೊಡೆದಷ್ಟು ದೂರ ಹೋಗುವುದಿಲ್ಲ. ಬಲವಾಗಿ ಬೀಸಿದ ಹೊಡೆತವೂ ಲೈನ್ ಒಳಗೇ ಬೀಳುತ್ತದೆ. ಲೀಗ್ ಮ್ಯಾಚ್‌ನಲ್ಲಿ ಹೊಸ ಡಬ್ಬಿ ತೆರೆದಾಗ ಅದೇ ಹೊಡೆತ ಬೇಸ್‌ಲೈನ್ (ಕೋರ್ಟ್‌ನ ಹಿಂದಿನ ಕೊನೆಯ ಗೆರೆ) ದಾಟಿ ಹೋಗುತ್ತದೆ. ಹಳೇ ಬಾಲ್‌ನಲ್ಲಿ ಮಾಡಿದ ಎಣಿಕೆಯನ್ನು ನಂಬಬೇಡಿ.

ಕೊನೆಯದಾಗಿ, ಕನಿಷ್ಠ ಮೂವರು ಬೇರೆ ಬೇರೆ ಎದುರಾಳಿಗಳು ಬೇಕು. ಒಬ್ಬರು ನೀವು ಎಂದೂ ಆಡದವರಾಗಿರಲಿ. ಇನ್ನೊಬ್ಬರು ಜೋರಾಗಿ ಹೊಡೆಯದೆ, ಎಲ್ಲ ಬಾಲನ್ನೂ ಎತ್ತರಕ್ಕೆ, ನಿಧಾನಕ್ಕೆ ವಾಪಸ್ ಕಳಿಸುತ್ತಲೇ ಇರುವವರಾಗಿರಲಿ. ಅಂಥವರ ಜೊತೆ ಆಡಿದಾಗ ನಿಮ್ಮ ಆಟದ ನಿಜ ಗೊತ್ತಾಗುತ್ತದೆ.

## ಹಂತ 1: ಯಾವ ಅಳತೆಗೋಲು ಅಂತ ತಿಳಿದುಕೊಳ್ಳಿ

"ನಾನು 4" ಅನ್ನುವ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾವ ಅಳತೆಯಲ್ಲಿ 4 ಅನ್ನುವುದು ಗೊತ್ತಿರಬೇಕು.

ಅಮೆರಿಕದ ಲೀಗ್‌ಗಳಲ್ಲಿ ಬಳಕೆಯಲ್ಲಿರುವುದು ಎನ್‌ಟಿಆರ್‌ಪಿ (ನ್ಯಾಷನಲ್ ಟೆನಿಸ್ ರೇಟಿಂಗ್ ಪ್ರೋಗ್ರಾಂ). ಅದು 1.0ರಿಂದ 7.0ರವರೆಗೆ, ಅರ್ಧರ್ಧ ಮೆಟ್ಟಿಲಾಗಿ ಏರುತ್ತದೆ. ಬೇರೆ ದೇಶಗಳ ಆಟಗಾರರೂ ಮಾತಿನಲ್ಲಿ ಇದನ್ನೇ ಬಳಸುವುದುಂಟು. ಯುಟಿಆರ್ (ಯೂನಿವರ್ಸಲ್ ಟೆನಿಸ್ ರೇಟಿಂಗ್) 1ರಿಂದ 16.5ರವರೆಗೆ ಇದೆ. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ವರ್ಲ್ಡ್ ಟೆನಿಸ್ ನಂಬರ್ ಉಲ್ಟಾ. ಹೊಸಬರು 40, ಮೇಲಿನವರು 1ರ ಕಡೆಗೆ. ಅದು ಸಿಂಗಲ್ಸ್‌ಗೆ ಒಂದು, ಡಬಲ್ಸ್‌ಗೆ ಒಂದು ಅಂಕಿ ಬೇರೆ ಬೇರೆ ಕೊಡುತ್ತದೆ. ಯುಟಿಆರ್, ವರ್ಲ್ಡ್ ಟೆನಿಸ್ ನಂಬರ್ ಎರಡೂ ಮ್ಯಾಚ್ ಫಲಿತಾಂಶದಿಂದ ಕಂಪ್ಯೂಟರ್ ಹಾಕುವ ಲೆಕ್ಕಗಳು. ಎನ್‌ಟಿಆರ್‌ಪಿಯಲ್ಲಿ ರೇಟಿಂಗ್ ಇಲ್ಲದ ಹೊಸಬರು ತಮ್ಮ ಮಟ್ಟವನ್ನು ತಾವೇ ಹೇಳಿ ಶುರು ಮಾಡಬಹುದು. ಕೆಲವು ಲೀಗ್‌ಗಳು ಇದ್ಯಾವುದೂ ಬೇಡ ಅಂತ ಸುಮ್ನೆ ಎ, ಬಿ, ಸಿ ಅಂತ ಗುಂಪು ಮಾಡುತ್ತವೆ.

ಲೀಗ್ ನಡೆಸುವವರನ್ನು ಎರಡು ಪ್ರಶ್ನೆ ಕೇಳಿ. ತಪ್ಪು ಮಟ್ಟ ಬರೆದರೆ ಸೀಸನ್ ನಡುವೆ ಬದಲಿಸಬಹುದೇ? ಮಟ್ಟ ಮೀರಿ ಗೆಲ್ಲುವವರನ್ನು ಏನು ಮಾಡುತ್ತೀರಿ? ಎರಡಕ್ಕೂ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ಈಗಲೇ ಮಾಡಬಾರದ ಕೆಲಸ ಒಂದಿದೆ. ಮಟ್ಟಗಳ ವಿವರಣೆಯನ್ನು ಓದಬೇಡಿ. ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಎಡವುವುದು ಇಲ್ಲೇ. "ಹೊಡೆತದಲ್ಲಿ ದಿಕ್ಕಿನ ಹಿಡಿತವಿದೆ" ಅಂತ ಓದಿದ ಕೂಡಲೇ "ಹೌದು, ನನಗೂ ಇದೆ" ಅನ್ನಿಸುತ್ತದೆ. ಅದಕ್ಕೆ ಮೊದಲು ಲೆಕ್ಕ, ಆಮೇಲೆ ಓದು. ಕೆಳಗೆ ಹಂತ 6ರಲ್ಲಿ ವಿವರಣೆ ಕೊಟ್ಟಿದ್ದೇನೆ. ಅಲ್ಲಿಗೆ ಹಾರಬೇಡಿ.

## ಹಂತ 2: ನಿಮ್ಮ ಟೆನಿಸ್ ಜಾತಕ ಬರೆಯಿರಿ

ಒಂದು ಪುಟ ಸಾಕು. ಎಷ್ಟನೇ ವಯಸ್ಸಿಗೆ ರ‍್ಯಾಕೆಟ್ ಹಿಡಿದಿರಿ? ಕೋಚ್ ಹತ್ತಿರ ಎಷ್ಟು ವರ್ಷ ಕಲಿತಿರಿ? ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದೀರಾ? ಯಾವತ್ತಾದರೂ ರ‍್ಯಾಂಕಿಂಗ್ ಇತ್ತಾ? ಕಳೆದ 12 ತಿಂಗಳಲ್ಲಿ ಸ್ಕೋರ್ ಇಟ್ಟು ಆಡಿದ ಮ್ಯಾಚ್ ಎಷ್ಟು?

ಕೊನೆಯ ಪ್ರಶ್ನೆಗೆ ಜಾಸ್ತಿ ಬೆಲೆ ಕೊಡಿ. "ಐದು ವರ್ಷದಿಂದ ಆಡ್ತಿದ್ದೀನಿ" ಅನ್ನುವವರಲ್ಲಿ ಹಲವರು ಐದು ವರ್ಷದಿಂದ ಭಾನುವಾರ ಬೆಳಗ್ಗೆ ರ‍್ಯಾಲಿ ಹೊಡೆದಿರುತ್ತಾರೆ, ಪೂರ್ತಿ ಮ್ಯಾಚ್ ಆಡಿದ್ದು ಹತ್ತೂ ಇರುವುದಿಲ್ಲ. ಅವರ ಹೊಡೆತ ಒಂದು ಮಟ್ಟದಲ್ಲಿ, ಮ್ಯಾಚ್ ಆಟ ಅದಕ್ಕಿಂತ ಕೆಳಗೆ ಇರುತ್ತದೆ.

ಇದಕ್ಕೆ ಉಲ್ಟಾ, ಚಿಕ್ಕಂದಿನಲ್ಲಿ ಚೆನ್ನಾಗಿ ತರಬೇತಿ ಪಡೆದು, ಆಮೇಲೆ ಹತ್ತು ವರ್ಷ ಬಿಟ್ಟವರು. ಅವರಿಗೆ ತಾವು ತುಂಬಾ ಕೆಳಗಿದ್ದೇವೆ ಅನ್ನಿಸುತ್ತದೆ. ಆದರೆ ಕೈಯ ಅಭ್ಯಾಸ ಬೇಗ ಮರಳುತ್ತದೆ, ಕಾಲು ನಿಧಾನಕ್ಕೆ ಬರುತ್ತದೆ. ಎರಡು ತಿಂಗಳು ಆಡಿದ ಮೇಲೆ ಅವರೇ ಬೇರೆ ಆಟಗಾರರಾಗಿರುತ್ತಾರೆ. ಇಂಥವರು ಎಣಿಕೆಗೆ ಮೊದಲು ಕೆಲವು ವಾರ ಬರೀ ಆಡಬೇಕು.

ಜಾತಕದಲ್ಲಿ ಏನನ್ನೂ ಮುಚ್ಚಿಡಬೇಡಿ. ಎನ್‌ಟಿಆರ್‌ಪಿಯಲ್ಲಿ ಸ್ವಂತ ರೇಟಿಂಗ್ ಕೊಡುವಾಗ ಇಂಥದ್ದೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಾಲೇಜು ತಂಡದ ಆಟವನ್ನು ಹೇಳದೆ ಬಿಟ್ಟು ಆಮೇಲೆ ಗೊತ್ತಾದರೆ ನಿಮ್ಮ ಜೊತೆ ತಂಡಕ್ಕೂ ಪೆಟ್ಟು.

## ಹಂತ 3: ಮ್ಯಾಚ್ ಆಡಿ, ಪಾಯಿಂಟ್ ಎಣಿಸಿ

ಈ ಮಾರ್ಗದರ್ಶಿಯ ಜೀವ ಇಲ್ಲಿದೆ. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಮೂವರು ಎದುರಾಳಿಗಳ ಜೊತೆ ತಲಾ ಎರಡು ಸೆಟ್ ಆಡಿ. ಸ್ಕೋರ್ ಇಟ್ಟು, "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಸರ್ವ್ ಮಾಡು" ಅನ್ನುವ ಉದಾರತನ ಇಲ್ಲದೆ. ಗೆಳೆಯ ಎಣಿಸಲಿ, ಇಲ್ಲವೇ ವಿಡಿಯೊ ನೋಡಿ ನೀವೇ ಎಣಿಸಿ. ಆಡುತ್ತಾ ಎಣಿಸಲು ಹೋಗಬೇಡಿ, ಆಟವೂ ಕೆಡುತ್ತದೆ, ಎಣಿಕೆಯೂ ತಪ್ಪುತ್ತದೆ.

ಪುಟದಲ್ಲಿ ಐದು ಕಾಲಂ ಹಾಕಿ.

1. ನಾನು ಹೊಡೆದು ಗೆದ್ದದ್ದು (ಎದುರಾಳಿಗೆ ಬಾಲ್ ಮುಟ್ಟಲು ಆಗಲಿಲ್ಲ, ಅಥವಾ ಒದ್ದಾಡಿ ತಪ್ಪಿದರು)
2. ಅವರು ಹೊಡೆದು ಗೆದ್ದದ್ದು
3. ಅವರು ಸುಮ್ನೆ ತಪ್ಪಿದ್ದು
4. ನಾನು ಸುಮ್ನೆ ತಪ್ಪಿದ್ದು
5. ನನ್ನ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋದದ್ದು)

ಪ್ರತಿ ಪಾಯಿಂಟ್‌ಗೆ ಒಂದು ಗೀಟು. ಎದುರಾಳಿಯ ಡಬಲ್ ಫಾಲ್ಟ್ ಮೂರನೇ ಕಾಲಂಗೆ ಹೋಗಲಿ. "ಸುಮ್ನೆ ತಪ್ಪಿದ್ದು" ಅಂದರೆ, ಬಾಲ್ ಆರಾಮಾಗಿ ಬಂದಿತ್ತು, ನೀವು ಸರಿಯಾದ ಜಾಗದಲ್ಲಿ ನಿಂತಿದ್ದಿರಿ, ಆದರೂ ನೆಟ್‌ಗೋ ಹೊರಗೋ ಹೋಯಿತು. ಅನುಮಾನ ಬಂದರೆ ನಿಮ್ಮ ತಪ್ಪು ಅಂತಲೇ ಬರೆಯಿರಿ.

ನನ್ನ ನೋಟ್‌ಬುಕ್‌ನ ಮೊದಲ ಪುಟ ಇವತ್ತಿಗೂ ಇದೆ. ಆ ಸೆಟ್ 6-4 ಸೋತಿದ್ದೆ. ಸ್ವಲ್ಪದರಲ್ಲಿ ತಪ್ಪಿತು ಅಂದುಕೊಂಡಿದ್ದೆ. ಮೊದಲ ಕಾಲಂನಲ್ಲಿ ಏಳು ಗೀಟು, ನಾಲ್ಕನೆಯದರಲ್ಲಿ ಇಪ್ಪತ್ತೊಂದು. ಅಂದರೆ ಎದುರಾಳಿ ನನ್ನನ್ನು ಸೋಲಿಸಿರಲಿಲ್ಲ, ನಾನು ತಪ್ಪುವವರೆಗೆ ಕಾದಿದ್ದರು. ಆ ಇಪ್ಪತ್ತೊಂದರಲ್ಲಿ ಹದಿನಾಲ್ಕು ಬ್ಯಾಕ್‌ಹ್ಯಾಂಡ್ ಕಡೆಯವು. ಅದರ ಹಿಂದಿನ ಸೀಸನ್‌ನಲ್ಲಿ ನಾನು ಒಂದು ಮೆಟ್ಟಿಲು ಮೇಲೆ ಬರೆದುಕೊಂಡು ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ. ನನ್ನ ಜೊತೆ ಡಬಲ್ಸ್ ಆಡಿದವರ ಸೀಸನ್ನೂ ಹಾಳಾಯಿತು ಅನ್ನುವ ಬೇಸರ ಇನ್ನೂ ಇದೆ. ಆ ಪುಟವನ್ನು ಒಂದು ವರ್ಷ ಮೊದಲೇ ಬರೆದಿದ್ದರೆ ಅದು ತಪ್ಪುತ್ತಿತ್ತು.

ಐದು ಕಾಲಂ ಜೊತೆ ಇನ್ನು ಮೂರನ್ನು ಬೇರೆಯಾಗಿ ನೋಡಿ.

ಸೆಕೆಂಡ್ ಸರ್ವ್. ಫಸ್ಟ್ ಸರ್ವ್ ಎಷ್ಟು ಜೋರು ಅನ್ನುವುದು ಮಟ್ಟ ಹೇಳುವುದಿಲ್ಲ. ಸೆಕೆಂಡ್ ಸರ್ವ್ ಹೇಳುತ್ತದೆ. 6-4ರ ಒಂದು ಸೆಟ್‌ನಲ್ಲಿ ಹತ್ತು ಗೇಮ್, ಸುಮಾರು 60 ಪಾಯಿಂಟ್. ಅದರಲ್ಲಿ ಅರ್ಧ ನಿಮ್ಮ ಸರ್ವ್‌ನಲ್ಲಿ ಶುರುವಾಗುತ್ತದೆ. ಗೇಮಿಗೊಂದು ಡಬಲ್ ಫಾಲ್ಟ್ ಮಾಡಿದರೂ ಸೆಟ್‌ಗೆ ಐದು ಪಾಯಿಂಟ್ ಪುಕ್ಕಟೆ ಕೊಟ್ಟಂತೆ. ಒಳಗೆ ಬಿದ್ದ ಸೆಕೆಂಡ್ ಸರ್ವ್‌ಗೆ ಎದುರಾಳಿ ಏನು ಮಾಡಿದರು ಅನ್ನುವುದನ್ನೂ ಬರೆಯಿರಿ. ಅವರು ಮುಂದೆ ಬಂದು ಹೊಡೆದರಾ, ಇಲ್ಲಾ ಬರೀ ವಾಪಸ್ ಹಾಕಿದರಾ? ಬಾಲನ್ನು ಮೆಲ್ಲಗೆ ತಳ್ಳಿ ಒಳಗೆ ಹಾಕುವುದು ಬೇರೆ, ಪೂರ್ತಿ ಬೀಸಿ ಸ್ಪಿನ್‌ನಿಂದ ಒಳಗೆ ಇಳಿಸುವುದು ಬೇರೆ. ಎರಡರ ನಡುವೆ ಒಂದು ಪೂರ್ತಿ ಮೆಟ್ಟಿಲಿನ ಅಂತರ ಇದೆ.

ಸರ್ವ್ ವಾಪಸ್ ಮಾಡುವುದು. ಎದುರಾಳಿಯ ಒಳಗೆ ಬಿದ್ದ ಸರ್ವ್‌ಗಳಲ್ಲಿ ಎಷ್ಟನ್ನು ಕೋರ್ಟ್ ಒಳಗೆ ಕಳಿಸಿದಿರಿ? ಇದನ್ನು ಎಣಿಸುವವರೇ ಇಲ್ಲ. ಲೀಗ್ ಆಟದಲ್ಲಿ ಎಷ್ಟೋ ಪಾಯಿಂಟ್ ಇಲ್ಲೇ ಮುಗಿಯುತ್ತವೆ.

ಬಿಗಿ ಪಾಯಿಂಟ್‌ಗಳು. 30-40, ಡ್ಯೂಸ್ (40-40), ಟೈಬ್ರೇಕ್. ಈ ಪಾಯಿಂಟ್‌ಗಳ ಗೀಟಿಗೆ ಒಂದು ಸುತ್ತು ಹಾಕಿ. ಸುತ್ತು ಹಾಕಿದ ಗೀಟುಗಳೆಲ್ಲ ನಾಲ್ಕು, ಐದನೇ ಕಾಲಂನಲ್ಲೇ ಗುಂಪಾಗಿ ಕೂತಿದ್ದರೆ, ಅಭ್ಯಾಸದ ಆಟ ಇನ್ನೂ ಮ್ಯಾಚ್‌ಗೆ ಇಳಿದಿಲ್ಲ ಅಂತ ಅರ್ಥ.

ಇಲ್ಲಿ ಆಗುವ ತಪ್ಪುಗಳು: ಚೆನ್ನಾಗಿ ಆಡಿದ ದಿನದ ಪುಟ ಮಾತ್ರ ಇಟ್ಟುಕೊಳ್ಳುವುದು. ಒಬ್ಬರೇ ಗೆಳೆಯರ ಜೊತೆ ಮೂರೂ ಮ್ಯಾಚ್ ಆಡುವುದು. ಜೋರಾಗಿ ಗಾಳಿ ಬೀಸಿದ ದಿನವನ್ನು ಲೆಕ್ಕದಿಂದ ತೆಗೆಯುವುದು. ಲೀಗ್‌ನಲ್ಲೂ ಗಾಳಿ ಬೀಸುತ್ತದೆ, ಅದನ್ನೂ ಸೇರಿಸಿ.

## ಹಂತ 4: ಕೋರ್ಟ್ ಮೇಲೆ ಗುರುತು ಹಾಕಿ ಪರೀಕ್ಷೆ

ಮ್ಯಾಚ್‌ನಲ್ಲಿ ಎಲ್ಲ ಹೊಡೆತವೂ ಸಾಕಷ್ಟು ಬರುವುದಿಲ್ಲ. ಉಳಿದದ್ದನ್ನು ಇಲ್ಲಿ ನೋಡಿ.

ನೆಟ್‌ನಿಂದ ಸರ್ವಿಸ್ ಲೈನ್‌ಗೆ 6.40 ಮೀಟರ್. ಅಲ್ಲಿಂದ ಬೇಸ್‌ಲೈನ್‌ಗೆ ಇನ್ನು 5.49 ಮೀಟರ್. ನಮಗೆ ಬೇಕಾದದ್ದು ಈ ಎರಡನೇ ಭಾಗ. ಜೊತೆಗಾರರು ಎಡಕ್ಕೆ, ಬಲಕ್ಕೆ ಬದಲಿಸಿ ಬಾಲ್ ಕಳಿಸಲಿ, ನೀವು ಓಡಿ ಹೊಡೆಯಿರಿ. ಫೋರ್‌ಹ್ಯಾಂಡ್ 20, ಬ್ಯಾಕ್‌ಹ್ಯಾಂಡ್ 20. ಸರ್ವಿಸ್ ಲೈನ್ ದಾಟಿ, ಆದರೆ ಕೋರ್ಟ್ ಒಳಗೇ ಬಿದ್ದವು ಎಷ್ಟು ಅಂತ ಬರೆಯಿರಿ.

ಆಮೇಲೆ ದಿಕ್ಕು. ಸೀಮೆಸುಣ್ಣದಲ್ಲಿ ಆಚೆ ಕೋರ್ಟನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಬಾಲ್ ನಿಮ್ಮ ಕಡೆ ಪುಟಿಯುವ ಮೊದಲೇ "ಕ್ರಾಸ್" (ಓರೆಯಾಗಿ) ಅಥವಾ "ಲೈನ್" (ನೇರಕ್ಕೆ) ಅಂತ ಬಾಯಿಬಿಟ್ಟು ಹೇಳಿ ಹೊಡೆಯಿರಿ. ಹೇಳಿದ ಕಡೆ ಹೋದದ್ದು ಮಾತ್ರ ಲೆಕ್ಕ. ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಹೋದ ಕಡೆಗೇ ಹೊಡೆದೆ ಅಂತ ಮನಸ್ಸು ನಂಬಿಸಿಬಿಡುತ್ತದೆ.

ವಾಲಿ (ಬಾಲ್ ನೆಲ ಮುಟ್ಟುವ ಮೊದಲೇ ಹೊಡೆಯುವುದು) ಎರಡೂ ಬದಿಗೆ ಹತ್ತು ಹತ್ತು, ಓವರ್‌ಹೆಡ್ (ತಲೆ ಮೇಲೆ ಬಂದ ಬಾಲನ್ನು ಹೊಡೆಯುವುದು) ಹತ್ತು. ಡಬಲ್ಸ್ ಲೀಗ್ ಆಡುವವರಿಗೆ ಇದು ಬ್ಯಾಕ್‌ಹ್ಯಾಂಡ್‌ಗಿಂತ ಮುಖ್ಯ.

ನಾನು ಇಟ್ಟುಕೊಂಡ ಅಂದಾಜು ಹೀಗಿದೆ. 20ರಲ್ಲಿ 10ಕ್ಕಿಂತ ಕಡಿಮೆ ಬಿದ್ದರೆ ಆ ಹೊಡೆತ ಮ್ಯಾಚ್‌ಗೆ ಇನ್ನೂ ಸಿದ್ಧವಿಲ್ಲ. 10ರಿಂದ 14 ಆದರೆ ಬಾಲ್ ಆರಾಮಾಗಿ ಬಂದಾಗ ನಂಬಬಹುದು. 15 ದಾಟಿದರೆ ಆ ಹೊಡೆತವನ್ನು ನಿಮ್ಮ ಬಲ ಅಂತ ಬರೆದುಕೊಳ್ಳಿ. ಇದು ಯಾವ ಸಂಸ್ಥೆಯ ನಿಯಮವೂ ಅಲ್ಲ. ಎರಡು ಬದಿಯ ನಡುವೆ ಎಷ್ಟು ಅಂತರ ಇದೆ ಅಂತ ಕಾಣಲು ಒಂದು ದಾರಿ, ಅಷ್ಟೇ.

ಒಂದು ಎಚ್ಚರಿಕೆ. ಕೋಚ್ ಬುಟ್ಟಿಯಿಂದ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಎಸೆಯುವ ಬಾಲ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ಅಂಥ ಬಾಲ್‌ಗೆ ಎಲ್ಲರೂ ಚೆನ್ನಾಗಿ ಹೊಡೆಯುತ್ತಾರೆ.

## ಹಂತ 5: ವಿಡಿಯೊ ನೋಡಿ, ಕಾಲು ನೋಡಿ

ಫೋನನ್ನು ಬೇಸ್‌ಲೈನ್ ಹಿಂದೆ, ಬೇಲಿಯ ಮೇಲೆ, ಆದಷ್ಟು ಎತ್ತರದಲ್ಲಿ ಇಡಿ. ಪೂರ್ತಿ ಒಂದು ಸೆಟ್ ತೆಗೆಯಿರಿ.

ಮೊದಲ ಸಲ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಇಷ್ಟು ನಿಧಾನವಾ ನಾನು ಅನ್ನಿಸುತ್ತದೆ. ಗಾಬರಿ ಬೇಡ. ಹಿಂದಿನಿಂದ, ದೂರದಿಂದ ತೆಗೆದ ವಿಡಿಯೊದಲ್ಲಿ ಎಲ್ಲರ ಆಟವೂ ನಿಧಾನವಾಗಿಯೇ ಕಾಣುತ್ತದೆ. ಹಾಗಾಗಿ ವೇಗವನ್ನು ಬಿಟ್ಟು ಬೇರೆಯದನ್ನು ನೋಡಿ.

ಎದುರಾಳಿ ಬಾಲ್ ಹೊಡೆಯುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ. ನಿಮ್ಮ ಎರಡೂ ಕಾಲು ಸಣ್ಣ ಜಿಗಿತದಲ್ಲಿ ಸಿದ್ಧವಾಗಿವೆಯಾ, ಇಲ್ಲಾ ಹಿಮ್ಮಡಿ ನೆಲಕ್ಕೆ ಊರಿ ನೋಡುತ್ತಾ ನಿಂತಿದ್ದೀರಾ? ಹೀಗೆ ಹತ್ತು ಕಡೆ ನಿಲ್ಲಿಸಿ ಎಣಿಸಿ. ಹೊಡೆದ ಮೇಲೆ ಜಾಗಕ್ಕೆ ಮರಳುತ್ತೀರಾ ಅಥವಾ ಹೊಡೆತವನ್ನೇ ನೋಡುತ್ತಾ ನಿಲ್ಲುತ್ತೀರಾ ಅನ್ನುವುದು ಎರಡನೆಯದು. ಡಬಲ್ಸ್ ಆದರೆ, ಜೊತೆಗಾರರ ತಲೆ ಮೇಲೆ ಲಾಬ್ (ಎತ್ತರಕ್ಕೆ ಎತ್ತಿ ಹೊಡೆದ ಬಾಲ್) ಹೋದಾಗ ಇಬ್ಬರೂ ಜಾಗ ಬದಲಿಸಿದಿರಾ ನೋಡಿ. ಮಟ್ಟ ಮೇಲೆ ಹೋದ ಹಾಗೆ ಈ ಮೂರು ಅಭ್ಯಾಸ ಮೊದಲು ಕಾಣುತ್ತವೆ.

ಇಂಟರ್‌ನೆಟ್‌ನಲ್ಲಿ "3.5 ಆಟ", "4.0 ಆಟ" ಅಂತ ಹೆಸರಿಟ್ಟ ವಿಡಿಯೊಗಳ ಪಕ್ಕ ನಿಮ್ಮದನ್ನು ಇಟ್ಟು ತೀರ್ಮಾನ ಮಾಡಬೇಡಿ. ಆ ಹೆಸರು ಯಾರು ಕೊಟ್ಟದ್ದು, ಆಡುತ್ತಿರುವವರು ಆ ಮಟ್ಟದ ತುದಿಯಲ್ಲಿದ್ದಾರಾ, ಬುಡದಲ್ಲಿದ್ದಾರಾ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

## ಹಂತ 6: ಈಗ ವಿವರಣೆ ಓದಿ

ಎನ್‌ಟಿಆರ್‌ಪಿಯ ಮಟ್ಟಗಳನ್ನು ಸರಳವಾಗಿ ಹೀಗೆ ಹೇಳಬಹುದು.

2.5: ಬಾಲ್ ಎಲ್ಲಿಗೆ ಬರುತ್ತದೆ ಅನ್ನುವ ಅಂದಾಜು ಈಗ ಕಲಿಯುತ್ತಿರುವವರು. ತಮ್ಮಂಥವರ ಜೊತೆ ನಿಧಾನವಾದ, ಚಿಕ್ಕ ರ‍್ಯಾಲಿ ನಡೆಸಬಲ್ಲರು.

3.0: ಮಧ್ಯಮ ವೇಗದ ಬಾಲನ್ನು ತಕ್ಕಮಟ್ಟಿಗೆ ವಾಪಸ್ ಹಾಕುತ್ತಾರೆ. ಎಲ್ಲ ಹೊಡೆತವೂ ಕೈಗೆ ಕೂತಿರುವುದಿಲ್ಲ. ದಿಕ್ಕು, ಆಳ (ಬೇಸ್‌ಲೈನ್ ಹತ್ತಿರ ಬೀಳಿಸುವುದು), ವೇಗ ಬೇಕು ಅಂತ ಹೋದಾಗ ತಪ್ಪುತ್ತಾರೆ. ಡಬಲ್ಸ್‌ನಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ.

3.5: ಮಧ್ಯಮ ವೇಗದ ಬಾಲನ್ನು ಬೇಕಾದ ದಿಕ್ಕಿಗೆ ಕಳಿಸಬಲ್ಲರು. ಆಳ ಮತ್ತು ವೈವಿಧ್ಯ ಇನ್ನೂ ಕಡಿಮೆ. ನೆಟ್ ಹತ್ತಿರ ಧೈರ್ಯ ಬಂದಿರುತ್ತದೆ.

4.0: ಎರಡೂ ಬದಿಯಲ್ಲಿ ದಿಕ್ಕು ಮತ್ತು ಆಳ ನಂಬುವ ಹಾಗಿದೆ. ಲಾಬ್, ಓವರ್‌ಹೆಡ್, ವಾಲಿ ಬಳಸುತ್ತಾರೆ. ಸರ್ವ್‌ನಿಂದ ಆಗಾಗ ಎದುರಾಳಿ ತಪ್ಪುವಂತೆ ಮಾಡಬಲ್ಲರು. ತಾಳ್ಮೆ ಕೆಟ್ಟು ಪಾಯಿಂಟ್ ಕಳೆದುಕೊಳ್ಳುವುದುಂಟು.

4.5: ವೇಗ, ಸ್ಪಿನ್ ಎರಡನ್ನೂ ಬೇಕೆಂದಂತೆ ಬಳಸುತ್ತಾರೆ. ಕಾಲಿನ ಚಲನೆ ಗಟ್ಟಿ. ಸೆಕೆಂಡ್ ಸರ್ವನ್ನು ಬೇಕಾದ ಜಾಗಕ್ಕೆ ಹಾಕುತ್ತಾರೆ. ಎದುರಾಳಿಯನ್ನು ನೋಡಿ ಆಟದ ರೀತಿ ಬದಲಿಸುತ್ತಾರೆ.

ಈಗ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಅಂಕಿಯಿಂದ ಉತ್ತರ ಕೊಡಿ. "ಎರಡೂ ಬದಿಯಲ್ಲಿ ಆಳ" ಅಂತ ಇದೆಯಲ್ಲ, ನಿಮ್ಮ ಬ್ಯಾಕ್‌ಹ್ಯಾಂಡ್ 20ಕ್ಕೆ ಎಷ್ಟು ಬಂತು? 8 ಬಂದಿದ್ದರೆ 4.0ರ ಆ ಸಾಲು ನಿಮ್ಮದಲ್ಲ, ಫೋರ್‌ಹ್ಯಾಂಡ್ ಎಷ್ಟೇ ಚೆಂದ ಇರಲಿ.

ಫೋರ್‌ಹ್ಯಾಂಡ್ 4.0, ಬ್ಯಾಕ್‌ಹ್ಯಾಂಡ್ 3.0, ಹಾಗಾದರೆ ನಾನು 3.5 ಅಂತ ಸರಾಸರಿ ತೆಗೆಯುವವರಿದ್ದಾರೆ. ಸಿಂಗಲ್ಸ್‌ನಲ್ಲಿ ಇದು ನಡೆಯುವುದಿಲ್ಲ. ಎದುರಾಳಿಗೆ ನಿಮ್ಮ ದುರ್ಬಲ ಬದಿ ಎರಡೇ ಗೇಮ್‌ನಲ್ಲಿ ಗೊತ್ತಾಗುತ್ತದೆ. ಆಮೇಲೆ ಎಲ್ಲ ಬಾಲೂ ಅತ್ತಲೇ. ಆದ್ದರಿಂದ ಸೆಕೆಂಡ್ ಸರ್ವ್, ಸರ್ವ್ ವಾಪಸ್, ದುರ್ಬಲ ಬದಿ, ಈ ಮೂರಕ್ಕೆ ಹೆಚ್ಚು ತೂಕ ಕೊಡಿ. ಡಬಲ್ಸ್‌ನಲ್ಲಿ ದುರ್ಬಲ ಬದಿಯನ್ನು ಸ್ವಲ್ಪ ಮರೆಮಾಡಬಹುದು, ಆದರೆ ವಾಲಿ ಬರದಿದ್ದರೆ ಮರೆಮಾಡಲು ಜಾಗವಿಲ್ಲ.

## ಹಂತ 7: ರೇಟಿಂಗ್ ಇರುವವರ ಜೊತೆ ಎರಡು ಸೆಟ್

ಇಷ್ಟು ಹೊತ್ತಿಗೆ ಕೈಯಲ್ಲಿ ಒಂದು ಅಂದಾಜು ಇರುತ್ತದೆ. ಅದನ್ನು ಒರೆಗೆ ಹಚ್ಚಬೇಕು. ಅದೇ ಲೀಗ್‌ನಲ್ಲಿ, ನೀವು ಅಂದುಕೊಂಡ ಮಟ್ಟದಲ್ಲಿ ಆಡುತ್ತಿರುವ ಒಬ್ಬರನ್ನು ಕೇಳಿ. ಕೇಳುವಾಗಲೇ ಹೇಳಿ: "ನನ್ನ ಮಟ್ಟ ನೋಡ್ಕೋಬೇಕು, ದಯವಿಟ್ಟು ನಿಜವಾದ ಮ್ಯಾಚ್ ಥರಾನೇ ಆಡಿ." ಹೇಳದಿದ್ದರೆ ಅವರು ನಿಮ್ಮ ಆಟ ಸಾಗಲಿ ಅಂತ ಮೆಲ್ಲಗೆ ಹೊಡೆಯುತ್ತಾರೆ. 6-4 ಬರುತ್ತದೆ. ನೀವು ಮೋಸ ಹೋಗುತ್ತೀರಿ.

ಸ್ಕೋರ್ ಓದುವಾಗ ಒಂದು ವಿಷಯ ನೆನಪಿಡಿ. ಒಂದೇ ಮಟ್ಟದೊಳಗೂ ದೊಡ್ಡ ಅಂತರ ಇರುತ್ತದೆ. ಎನ್‌ಟಿಆರ್‌ಪಿಯ ಒಳ ಲೆಕ್ಕ ನಡೆಯುವುದು ನೂರನೇ ಭಾಗದಲ್ಲಿ. 3.01 ಇರುವವರೂ 3.50 ಇರುವವರೂ ಹೊರಗೆ "3.5" ಅಂತಲೇ ಕಾಣುತ್ತಾರೆ. ಅವರಿಬ್ಬರು ಆಡಿದರೆ 6-0, 6-0 ಬಂದರೂ ಆಶ್ಚರ್ಯವಿಲ್ಲ. ಆದ್ದರಿಂದ ಒಬ್ಬರ ಜೊತೆ ಆಡಿ ನಿಲ್ಲಿಸಬೇಡಿ. ಇಬ್ಬರು ಮೂವರ ಜೊತೆ ಆಡಿ. ಸೆಟ್‌ಗೆ ಮೂರು ನಾಲ್ಕು ಗೇಮ್ ಸಿಗುತ್ತಿದ್ದರೆ ಜಾಗ ಸರಿ ಇದೆ. ಮೂವರ ಹತ್ತಿರವೂ ಒಂದು ಗೇಮ್ ಸಿಗುವುದೇ ಕಷ್ಟವಾದರೆ ಒಂದು ಮೆಟ್ಟಿಲು ಇಳಿಯಿರಿ.

ಕೋಚ್‌ರನ್ನು ಕೇಳುವುದಾದರೆ "ನಾನು ಎಷ್ಟು?" ಅಂತ ಕೇಳಬೇಡಿ. ನಿಮ್ಮನ್ನು ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ. "ಈ ಲೀಗ್‌ನಲ್ಲಿ ಯಾರ ಜೊತೆ ಆಡಿದರೆ ನನಗೆ ಸಮಬಲದ ಆಟ ಸಿಗುತ್ತೆ?" ಅಂತ ಕೇಳಿ. ಹೆಸರು ಹೇಳಬೇಕಾದಾಗ ಉತ್ತರ ನಿಜವಾಗಿರುತ್ತದೆ.

## ಹಂತ 8: ಅಂಕಿ ಬರೆಯಿರಿ

ಹೆಚ್ಚಿನವರಿಗೆ ಈಗ ಉತ್ತರ ಸ್ಪಷ್ಟವಾಗಿರುತ್ತದೆ. ತೊಂದರೆ ಗಡಿಯ ಮೇಲೆ ನಿಂತವರಿಗೆ.

ಜಾತಕದ ಪುಟ ತೆಗೆಯಿರಿ. ಚಿಕ್ಕಂದಿನಲ್ಲಿ ತರಬೇತಿ ಇದ್ದವರು, ಬ್ಯಾಡ್ಮಿಂಟನ್ ಅಥವಾ ಸ್ಕ್ವಾಷ್ ಚೆನ್ನಾಗಿ ಆಡಿದವರು, ಈಗ ವಾರಕ್ಕೆ ಮೂರು ನಾಲ್ಕು ದಿನ ಆಡುತ್ತಿರುವವರು ಮೇಲಿನದನ್ನೇ ಬರೆಯಿರಿ. ನೀವು ಸೀಸನ್ ಮುಗಿಯುವ ಮೊದಲೇ ಬೆಳೆಯುತ್ತೀರಿ. ದೊಡ್ಡವರಾದ ಮೇಲೆ ಕಲಿತು, ಸ್ಕೋರ್ ಇಟ್ಟ ಮ್ಯಾಚ್ ಹತ್ತಕ್ಕಿಂತ ಕಡಿಮೆ ಆಡಿರುವವರು ಕೆಳಗಿನದನ್ನು ಬರೆದರೆ ತಪ್ಪಿಲ್ಲ.

ಆದರೆ ಹಂತ 1ರಲ್ಲಿ ಬರೆದಿಟ್ಟ ಎರಡು ಉತ್ತರಗಳನ್ನು ಮೊದಲು ನೋಡಿ. ನಡುವೆ ಇಳಿಯಲು ಬಿಡದ ಲೀಗ್ ಆದರೆ, ಮೇಲೆ ಬರೆದ ತಪ್ಪನ್ನು ಸೀಸನ್ ಪೂರ್ತಿ ಹೊರಬೇಕು. ಕೆಳಗೆ ಬರೆದರೂ ಅಪಾಯವಿದೆ. ಎನ್‌ಟಿಆರ್‌ಪಿ ಲೀಗ್‌ನಲ್ಲಿ ಸ್ವಂತ ರೇಟಿಂಗ್ ಕೊಟ್ಟವರ ಆಟ ಮಟ್ಟದ ಮಿತಿಯನ್ನು ಮೂರು ಸಲ ಮೀರಿದರೆ ಆ ಮಟ್ಟದಿಂದ ಅನರ್ಹರಾಗುತ್ತಾರೆ. ಗೆದ್ದ ಮ್ಯಾಚ್‌ಗಳೂ ತಂಡದ ಲೆಕ್ಕದಿಂದ ಹೋಗಬಹುದು.

ಕ್ಯಾಪ್ಟನ್ ಬಂದು "ಒಂದು ಕಡಿಮೆ ಬರೀರಿ, ತಂಡಕ್ಕೆ ಅನುಕೂಲ" ಅಂದರೆ ಒಪ್ಪಬೇಡಿ. ಆ ಗೆಲುವಿನ ಬೆಲೆ ತೆರುವವರು ಎದುರಿಗೆ ನಿಂತ ಹೊಸಬರು. ನೋಟ್‌ಬುಕ್ ತೋರಿಸಿ. ಅಂಕಿ ನೋಡಿದ ಮೇಲೆ ವಾದ ಬೆಳೆಯುವುದಿಲ್ಲ.

## ಸೀಸನ್ ಶುರುವಾದ ಮೇಲೆ: ಎಚ್ಚರಿಕೆಯ ಗುರುತುಗಳು

ಒಂದೇ ಮ್ಯಾಚ್ ನೋಡಿ ಏನೂ ತೀರ್ಮಾನಿಸಬೇಡಿ. ನಾಲ್ಕು ಮ್ಯಾಚ್ ಆಗಲಿ.

ನಾಲ್ಕರಲ್ಲೂ ಸೆಟ್‌ಗೆ ಒಂದೆರಡು ಗೇಮ್ ಮಾತ್ರ ಕೊಟ್ಟು ಗೆದ್ದಿದ್ದರೆ ನೀವು ಕೆಳಗೆ ಬರೆದಿದ್ದೀರಿ. ಯಾರಾದರೂ ದೂರುವ ಮೊದಲು ನೀವೇ ಹೋಗಿ ಹೇಳಿ. ನಾಲ್ಕೂ ಸೋತಿದ್ದರೂ 6-4, 7-5ರ ಹತ್ತಿರ ಇದ್ದರೆ ಕದಲಬೇಡಿ, ನೀವು ಸರಿಯಾದ ಜಾಗದಲ್ಲಿದ್ದೀರಿ. ನಾಲ್ಕರಲ್ಲೂ ರ‍್ಯಾಲಿಯೇ ಶುರುವಾಗದೆ, ಎದುರಾಳಿಯ ಸರ್ವ್‌ನಲ್ಲೋ ನಿಮ್ಮ ವಾಪಸ್‌ನಲ್ಲೋ ಪಾಯಿಂಟ್ ಮುಗಿಯುತ್ತಿದ್ದರೆ ಮೇಲೆ ಬರೆದಿದ್ದೀರಿ. ಡಬಲ್ಸ್‌ನಲ್ಲಿ ಎಲ್ಲ ಬಾಲೂ ನಿಮ್ಮ ಕಡೆಗೇ ಬರುತ್ತಿದ್ದರೆ ಅದೂ ಇದೇ ಗುರುತು.

ಸೀಸನ್ ಮುಗಿದ ವಾರವೇ ಹಂತ 3 ಮತ್ತು 4ನ್ನು ಮತ್ತೆ ಮಾಡಿ. ಹೊಸ ಡಬ್ಬಿ ಬಾಲ್, ಸಾಧ್ಯವಾದರೆ ಅದೇ ಮೂವರು ಎದುರಾಳಿಗಳು. ಹೊಸ ಪುಟ ತೆಗೆಯಬೇಡಿ. ಹಳೇ ಪುಟದಲ್ಲಿ ಹಳೇ ಅಂಕಿಯ ಪಕ್ಕದಲ್ಲೇ, ತಾರೀಖು ಹಾಕಿ ಬರೆಯಿರಿ.